ಇಲಿಯ ಕಿವಿಯಲ್ಲಿ ಕೂತ ಚಿಗ್ಗರ್ ನುಸಿಗಳ ಗುರುತು

ಸಿಂಧನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆಯ ಕವಲೊಂದರ ಏರಿಯ ಮೇಲೆ, ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿರುವ ಕಡೆ ನಾವು ರಾತ್ರಿ ಇಟ್ಟಿದ್ದ ಬೋನುಗಳಲ್ಲಿ ಒಂದಕ್ಕೆ ಹೆಗ್ಗಣ ಬಿದ್ದಿತ್ತು. ಪಕ್ಕದ ಭತ್ತದ ಗದ್ದೆಯ ಹಿರಿಯರು ಬಗ್ಗಿ ನೋಡಿ, "ಕಿವಿಯಾಗ ಯಾರೋ ಕುಂಕುಮ ಹಚ್ಚಿದಂಗ ಕಾಣ್ತದಲ್ರೀ ಸರ್" ಎಂದರು. ಅವರು ಹೇಳಿದ್ದು ಸರಿಯಾಗಿತ್ತು. ಕಿವಿಯ ಒಳಮಡಿಕೆಯಲ್ಲಿ ಕೇಸರಿ ಬಣ್ಣದ ಪುಡಿಯಂತೆ ಒತ್ತೊತ್ತಾಗಿ ಕೂತಿದ್ದವು ಚಿಗ್ಗರ್ ನುಸಿಯ ಮರಿಗಳು. ಪದವಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನಗೆ ಈ ಕೆಲಸ ಕೆಲವು ವರ್ಷಗಳಿಂದ ಅಂಟಿಕೊಂಡಿದೆ. ಆ ಪುಡಿಯಂಥದ್ದಕ್ಕೆ ಒಂದು ಹೆಸರು ಕೊಡುವ ಹೊತ್ತಿಗೆ ಎಷ್ಟು ಎಚ್ಚರ ಬೇಕಾಗುತ್ತದೆ ಎಂಬುದನ್ನು, ಇದೇ ದಾರಿಯಲ್ಲಿ ಬರಲಿರುವ ವಿದ್ಯಾರ್ಥಿಗಳಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಎರೆಹೊಲಗಳಲ್ಲಿ ಮುಂಗಾರಿನ ಮೊದಲ ಹದಮಳೆ ಬಿದ್ದಾಗ ಮಖಮಲ್ಲಿನಂಥ ಕಡುಗೆಂಪು ಹುಳುಗಳು ಮಣ್ಣಿನಿಂದ ಎದ್ದು ಬರುವುದನ್ನು ಎಲ್ಲರೂ ಕಂಡಿದ್ದಾರೆ. ಗಡಿಯಾಚೆಯ ತೆಲುಗರು ಅದನ್ನು ಆರುದ್ರ ಪುರುಗು ಎನ್ನುತ್ತಾರೆ. ಆ ಹುಳುವೂ ಒಂದು ನುಸಿಯೇ. ಚಿಗ್ಗರ್ ಅದಕ್ಕೆ ದಾಯಾದಿಯಂಥದ್ದು, ಟ್ರಾಂಬಿಕ್ಯುಲಿಡೆ ಎಂಬ ಕುಟುಂಬಕ್ಕೆ ಸೇರಿದ್ದು. ಬೆಳೆದ ಚಿಗ್ಗರ್ ನುಸಿಯೂ ಮೈತುಂಬ ನವುರು ಕೂದಲು ಹೊದ್ದು, ಎಂಟು ಕಾಲಿನಿಂದ ಮಣ್ಣಿನಲ್ಲಿ ಓಡಾಡುತ್ತ, ಚಿಕ್ಕ ಕೀಟಗಳ ಮೊಟ್ಟೆಗಳನ್ನು ತಿಂದು ಬದುಕುತ್ತದೆ, ಯಾರ ತಂಟೆಗೂ ಬರುವುದಿಲ್ಲ. ಪ್ರಾಣಿಗಳ ಮೈಗೆ ಅಂಟುವುದು ಅದರ ಆರು ಕಾಲಿನ ಲಾರ್ವಾ ಮಾತ್ರ, ಅದೂ ಜೀವಮಾನದಲ್ಲಿ ಒಂದೇ ಸಲ. ಹಸಿದಿರುವಾಗ ಅದರ ಉದ್ದ ಒಂದು ಮಿಲಿಮೀಟರಿನ ಕಾಲುಭಾಗದ ಆಸುಪಾಸು. ಅದು ಉಣ್ಣೆಯಂತೆ ರಕ್ತ ಹೀರುವುದಿಲ್ಲ. ಚರ್ಮಕ್ಕೆ ಜೊಲ್ಲು ಬಿಟ್ಟು, ಆ ಜೊಲ್ಲು ಗಟ್ಟಿಯಾಗಿ ಆಗುವ ಕೊಳವೆಯೊಂದರ ಮೂಲಕ, ಕರಗಿದ ಅಂಗಾಂಶದ ರಸವನ್ನು ಕೆಲವು ದಿನ ಹೀರಿ, ಹೊಟ್ಟೆ ತುಂಬಿದ ಮೇಲೆ ಮಣ್ಣಿಗೆ ಉದುರುತ್ತದೆ.

ಈ ಕಾರಣದಿಂದ ಚಿಗ್ಗರ್‌ಗಳ ವರ್ಗೀಕರಣಕ್ಕೆ ಬೇರೆ ಪ್ರಾಣಿಗುಂಪುಗಳಲ್ಲಿ ವಿರಳವಾಗಿ ಕಾಣುವ ಒಂದು ಸ್ಥಿತಿ ಬಂದಿದೆ. ಜಗತ್ತಿನಲ್ಲಿ ವಿವರಿಸಲಾಗಿರುವ ಮೂರು ಸಾವಿರಕ್ಕೂ ಹೆಚ್ಚು ಪ್ರಭೇದಗಳಲ್ಲಿ ಬಹುಪಾಲಿನವು ಲಾರ್ವಾ ರೂಪದಲ್ಲಷ್ಟೇ ನಮಗೆ ಗೊತ್ತು. ಅವುಗಳ ತಾಯಿತಂದೆ ಮಣ್ಣಿನಲ್ಲಿ ಎಲ್ಲಿವೆ, ಹೇಗಿವೆ ಎಂದು ಯಾರೂ ಕಂಡಿಲ್ಲ. ಮನೆತನವನ್ನೆಲ್ಲ ಮಗುವಿನ ಮುಖ ನೋಡಿಯೇ ಹೇಳಬೇಕಾದ ಕೆಲಸ ಇದು.

ಹೆಸರು ಸರಿಯಾಗಿರಬೇಕು ಎಂಬ ಹಟಕ್ಕೆ ಕಾರಣವೂ ಇದೆ. ಸ್ಕ್ರಬ್ ಟೈಫಸ್ ಎಂಬ ಜ್ವರವನ್ನು ಉಂಟುಮಾಡುವ ಓರಿಯೆನ್ಷಿಯಾ ಸುತ್ಸುಗಮುಷಿ ಎಂಬ ಬ್ಯಾಕ್ಟೀರಿಯಾ ಮನುಷ್ಯನಿಗೆ ತಲುಪುವುದು ಈ ಲಾರ್ವಾಗಳ ಕಡಿತದಿಂದ, ಅದರಲ್ಲೂ ಲೆಪ್ಟೊಟ್ರಾಂಬಿಡಿಯಮ್ ಎಂಬ ಒಂದು ಕುಲದ ಕೆಲವೇ ಪ್ರಭೇದಗಳಿಂದ. ಒಂದೇ ಸಲ ಉಣ್ಣುವ ಮರಿ ರೋಗವನ್ನು ಹೇಗೆ ದಾಟಿಸೀತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಬ್ಯಾಕ್ಟೀರಿಯಾ ತಾಯಿ ನುಸಿಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಇಳಿದು ಬರುತ್ತದೆ ಎಂಬುದು ಅದಕ್ಕೆ ಉತ್ತರ. ಸ್ಕ್ರಬ್ ಟೈಫಸ್ ಅನ್ನು ನಮ್ಮಲ್ಲಿ ಜನರು ಇಲಿಜ್ವರದೊಂದಿಗೆ ಬೆರೆಸುವುದುಂಟು. ಇಲಿಜ್ವರ ಎಂದು ಕರೆಯುವ ಲೆಪ್ಟೊಸ್ಪೈರೋಸಿಸ್ ಇಲಿಯ ಮೂತ್ರ ಬೆರೆತ ನೀರಿನಿಂದ ಬರುವ ಬೇರೆಯೇ ಕಾಯಿಲೆ. ಸ್ಕ್ರಬ್ ಟೈಫಸ್‌ನಲ್ಲಿ ನುಸಿ ಕಡಿದ ಜಾಗದಲ್ಲಿ, ಎಲ್ಲರಿಗೂ ಅಲ್ಲದಿದ್ದರೂ ಹಲವರಿಗೆ, ಬೀಡಿಯಿಂದ ಸುಟ್ಟಂತೆ ಕಪ್ಪು ಹೊಪ್ಪಳೆಯ ಗಾಯ ಕಾಣುತ್ತದೆ. ಬೇಗ ಗುರುತಿಸಿದರೆ ಡಾಕ್ಸಿಸೈಕ್ಲಿನ್ ಮಾತ್ರೆಗೆ ಬಗ್ಗುವ ಜ್ವರ ಇದು, ತಡವಾದರೆ ಜೀವಕ್ಕೆ ಎರವಾಗಬಲ್ಲದು.

ನುಸಿಗಿಂತ ಮೊದಲು ಇಲಿಯನ್ನು ಗುರುತಿಸಬೇಕು. ಭತ್ತದ ಬದುಗಳಲ್ಲಿ ಬಿಲ ತೋಡುವ ಚಿಕ್ಕ ಹೆಗ್ಗಣ, ಎರೆಹೊಲದ ಮೆತ್ತಗಿನ ತುಪ್ಪಳದ ಇಲಿ, ಕೊಪ್ಪಳದ ಕಡೆಯ ಮಸಾರಿ ಹೊಲಗಳ ಜರ್ಬಿಲ್, ಮನೆಯ ಕರಿ ಇಲಿ, ಸುಂಡಿಲಿ ಇವೆಲ್ಲವೂ ನಮ್ಮ ಬೋನಿಗೆ ಬರುತ್ತವೆ. ಸುಂಡಿಲಿಯಂತೂ ಇಲಿಯ ಜಾತಿಯೇ ಅಲ್ಲ, ಕೀಟಾಹಾರಿ. ಎರೆಹೊಲದ ಇಲಿಯ ಹಿಂಗಾಲಿನ ಅಂಗಾಲಿನಲ್ಲಿ ನಾಲ್ಕೈದು ಮೆತ್ತೆಗಳಿದ್ದರೆ ಕರಿ ಇಲಿಗೆ ಆರು ಇರುತ್ತವೆ. ಜರ್ಬಿಲ್‌ನ ಮೇಲಿನ ಬಾಚಿಹಲ್ಲಿನಲ್ಲಿ ಉದ್ದಕ್ಕೆ ಗೀರು ಇರುತ್ತದೆ, ಬಾಲದ ತುದಿಯಲ್ಲಿ ಕುಚ್ಚು ಇರುತ್ತದೆ. ಈ ಗುರುತುಗಳನ್ನು ಹೊಲದಲ್ಲೇ ಬರೆದುಕೊಳ್ಳಬೇಕು.

ಈ ಇಲಿಗಳ ಹೆಸರಿನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ಧಾರವಾಡ ಸೀಮೆಯಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಇಲ್ಲಿನ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಪ್ರಕಟಿಸಿದಾಗ, ಪ್ರತಿ ಪ್ರಾಣಿಗೂ ಜನರು ಹೇಳುವ ಹೆಸರನ್ನು ಬರೆದಿಟ್ಟರು. ಅವರು ಕಳಿಸಿದ ಮಾದರಿಗಳಿಗೆ ಲಂಡನ್ನಿನ ಜಾನ್ ಎಡ್ವರ್ಡ್ ಗ್ರೇ 1837ರಲ್ಲೇ ಹೆಸರಿಟ್ಟಿದ್ದರು. ಪೊದೆ ಇಲಿಯ ಕುಲನಾಮವಾದ ಗೊಲುಂಡ ಎಂಬುದು ಕನ್ನಡದ ಗುಲಂಡಿಯಿಂದ ಬಂದದ್ದು. ಎರೆಹೊಲದ ಇಲಿಯಾದ ಮಿಲಾರ್ಡಿಯಾ ಮೆಲ್ಟಾಡಾದ ಎರಡನೆಯ ಪದ, ವಡ್ಡರ ಸಮುದಾಯದವರು ಅದಕ್ಕೆ ಹೇಳುತ್ತಿದ್ದ ಮೆಟ್ಟಾಡೆ. ಬೇಸಿಗೆಯಲ್ಲಿ ಎರೆ ನೆಲ ಬಿರಿದಾಗ ಈ ಇಲಿ ಆ ಬಿರುಕುಗಳಲ್ಲಿ ವಾಸಮಾಡುತ್ತದೆ, ಮಳೆ ಬಂದು ಬಿರುಕು ಮುಚ್ಚಿದಾಗ ಬಹಳಷ್ಟು ಸಾಯುತ್ತವೆ, 1826ರಲ್ಲಿ ಮುಂಗಾರು ಮೊದಲಲ್ಲಿ ಕೈಕೊಟ್ಟದ್ದರಿಂದ ಅವು ಮಿತಿಮೀರಿ ಹೆಚ್ಚಿ ಬಿತ್ತಿದ ಕಾಳನ್ನೇ ತಿಂದುಹಾಕಿದವು ಎಂದು ಎಲಿಯಟ್ ದಾಖಲಿಸಿದ್ದಾರೆ. ಮಸ್ಕಿಯ ಕಡೆ ಬಿರುಕುಬಿಟ್ಟ ಹೊಲದಲ್ಲಿ ನಿಂತಾಗಲೆಲ್ಲ ನನಗೆ ಆ ಸಾಲುಗಳು ನೆನಪಾಗುತ್ತವೆ. ಚಿಗ್ಗರ್‌ಗಳನ್ನು ಹುಡುಕುವವರಿಗೆ ಅದರಲ್ಲಿ ಉಪಯೋಗವೂ ಇದೆ. ಲಾರ್ವಾ ಹತ್ತುವುದೂ ಇಳಿಯುವುದೂ ಮಣ್ಣಿನಲ್ಲೇ ಆದ್ದರಿಂದ, ಇಲಿ ಮಲಗುವ ನೆಲದ ತೇವ ಎಷ್ಟು, ನೆರಳು ಎಷ್ಟು ಎಂಬುದು ಅದರ ಮೈಮೇಲೆ ಯಾವ ನುಸಿ ಇದ್ದೀತು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ.

ಆಶ್ರಯ ಕೊಟ್ಟ ಪ್ರಾಣಿ ಯಾವುದೆಂದು ಖಚಿತವಿಲ್ಲದ ನುಸಿಗೆ ಅರ್ಧ ಬೆಲೆಯೂ ಇಲ್ಲ ಎಂಬುದನ್ನು ನಾನು ನಷ್ಟಪಟ್ಟು ಕಲಿತೆ. ಮೊದಲ ವರ್ಷ ಬಟ್ಟೆಚೀಲಗಳು ಸಾಲದೆ, ಒಂದು ಮೆಟ್ಟಾಡೆಯನ್ನೂ ಒಂದು ಚಿಕ್ಕ ಹೆಗ್ಗಣವನ್ನೂ ಒಂದೇ ಚೀಲದಲ್ಲಿ ಹಾಕಿಕೊಂಡು ಬಂದೆ. ಪ್ರಯೋಗಾಲಯಕ್ಕೆ ಬರುವಷ್ಟರಲ್ಲಿ ಕೆಲವು ನುಸಿಗಳು ಉದುರಿ ಚೀಲದ ಹೊಲಿಗೆಯಲ್ಲಿ ಸೇರಿದ್ದವು. ಅವು ಯಾವುದರಿಂದ ಉದುರಿದವು ಎಂದು ಹೇಳುವ ದಾರಿಯೇ ಉಳಿದಿರಲಿಲ್ಲ. ಆ ದಿನದ ಸ್ಲೈಡುಗಳು ಚೆನ್ನಾಗಿ ಬಂದಿದ್ದರೂ ಅವನ್ನು ಯಾವ ಲೆಕ್ಕಕ್ಕೂ ಸೇರಿಸಿಲ್ಲ. ಈಗ ಒಂದು ಪ್ರಾಣಿಗೆ ಒಂದು ಬಿಳಿ ಚೀಲ, ಚೀಲದೊಳಗೆ ಪೆನ್ಸಿಲ್‌ನಲ್ಲಿ ಬರೆದ ಚೀಟಿ. ಆಲ್ಕೋಹಾಲಿನಲ್ಲಿ ಶಾಯಿ ಕರಗುತ್ತದೆ, ಪೆನ್ಸಿಲ್ ಬರಹ ಕರಗುವುದಿಲ್ಲ.

ಕಿವಿಯಲ್ಲಿ ಕಾಣುವುದೆಲ್ಲ ಚಿಗ್ಗರ್ ಅಲ್ಲ. ಉಣ್ಣೆಯ ಮರಿಗೂ ಆರೇ ಕಾಲು, ಆದರೆ ಅದರ ಬಾಯಿಯ ಮುಂದೆ ಗರಗಸದಂಥ ಹಲ್ಲುಗಳ ಚಾಚು ಇರುತ್ತದೆ. ತುಪ್ಪಳದ ನಡುವೆ ಚುರುಕಾಗಿ ಓಡುವ ಕಂದು ನುಸಿಗಳು ಬೇರೆ ಗಣದವು. ಒಂದೆಡೆ ಗುಂಪಾಗಿ, ತಲೆ ಚರ್ಮದೊಳಗೆ ನೆಟ್ಟು, ಅಲುಗಾಡದೆ ಕೂತದ್ದಿದ್ದರೆ ಚಿಗ್ಗರ್ ಎಂದು ಊಹಿಸಬಹುದು. ಅದನ್ನು ಚಿಮುಟದಿಂದ ಎಳೆಯಬಾರದು, ಬಾಯಿಯ ಭಾಗ ಮುರಿಯುತ್ತದೆ. ಕಿವಿಯ ಅಂಚಿನ ಚರ್ಮದೊಂದಿಗೇ ಮೃದುವಾಗಿ ಕೆರೆದು 70 ಶೇಕಡಾ ಎಥನಾಲ್‌ಗೆ ಇಳಿಸಬೇಕು. ಹೊಟ್ಟೆ ತುಂಬಿದವುಗಳಿಗಿಂತ ಅರೆಹೊಟ್ಟೆಯವು ಸ್ಲೈಡಿಗೆ ಒಳ್ಳೆಯವು. ತುಂಬಿದ ದೇಹ ಉಬ್ಬಿ, ಕೂದಲುಗಳ ಸಾಲು ಚದುರಿ, ಎಣಿಕೆ ತಪ್ಪುತ್ತದೆ.

ಸ್ಲೈಡ್ ಮಾಡುವುದಕ್ಕೆ ತಾಳ್ಮೆ ಬೇಕು. ಮೊದಲು ಲ್ಯಾಕ್ಟೋಫಿನಾಲ್‌ನಲ್ಲಿಟ್ಟು ದೇಹವನ್ನು ಪಾರದರ್ಶಕ ಮಾಡಬೇಕು, ಆಮೇಲೆ ಹಾಯರ್ ದ್ರಾವಣದ ಒಂದು ಹನಿಯಲ್ಲಿ ಬೆನ್ನು ಮೇಲೆ ಬರುವಂತೆ ಮಲಗಿಸಿ ಗಾಜು ಮುಚ್ಚಬೇಕು. 50 ಮಿಲಿಲೀಟರ್ ಶುದ್ಧ ನೀರು, 30 ಗ್ರಾಂ ಅರೇಬಿಕ್ ಗೋಂದು, 200 ಗ್ರಾಂ ಕ್ಲೋರಾಲ್ ಹೈಡ್ರೇಟ್, 20 ಮಿಲಿಲೀಟರ್ ಗ್ಲಿಸರಿನ್, ಇದೇ ಕ್ರಮದಲ್ಲಿ ಕರಗಿಸಿದರೆ ಹಾಯರ್ ದ್ರಾವಣ ಆಗುತ್ತದೆ. ಸ್ಲೈಡನ್ನು ಸುಮಾರು 45 ಡಿಗ್ರಿ ಬಿಸಿಯಲ್ಲಿ ಒಂದು ವಾರ ಒಣಗಿಸಿ ಅಂಚಿಗೆ ಮುದ್ರೆ ಹಾಕಬೇಕು. ರಾಯಚೂರಿನ ಬೇಸಿಗೆಯಲ್ಲಿ ಕಿಟಕಿಯ ಬಳಿ ಇಟ್ಟರೂ ಒಣಗುತ್ತದೆ ಎಂದು ಕೆಲವರು ಹೇಳುತ್ತಾರೆ. ಧೂಳು ಬೀಳುವುದರಿಂದ ನಾನು ಅದನ್ನು ಒಪ್ಪುವುದಿಲ್ಲ.

ಇನ್ನು ಸೂಕ್ಷ್ಮದರ್ಶಕದ ಕೆಳಗೆ ಮೊದಲು ನೋಡಬೇಕಾದದ್ದು ಬೆನ್ನಿನ ಮುಂಭಾಗದಲ್ಲಿರುವ ಸ್ಕ್ಯೂಟಮ್ ಎಂಬ ಚಿಕ್ಕ ಫಲಕ. ಲೆಪ್ಟೊಟ್ರಾಂಬಿಡಿಯಮ್‌ನಲ್ಲಿ ಅದು ಅಡ್ಡ ಅಗಲವಾದ ಆಯತದಂತೆ ಇರುತ್ತದೆ, ಅಗಲ ಬಹುತೇಕ 100 ಮೈಕ್ರಾನ್ ಮುಟ್ಟುವುದಿಲ್ಲ. ಅದರ ಮೇಲೆ ಐದು ಬಿರುಗೂದಲು: ಮುಂದೆ ನಡುವೆ ಒಂದು, ಮುಂದಿನ ಮೂಲೆಗಳಲ್ಲಿ ಎರಡು, ಹಿಂದಿನ ಮೂಲೆಗಳಲ್ಲಿ ಎರಡು. ಇವಲ್ಲದೆ ಮಧ್ಯದಲ್ಲಿ, ಬಟ್ಟಲಿನಂಥ ಕುಳಿಗಳಿಂದ ಹೊರಟ ಒಂದು ಜೊತೆ ಸಂವೇದಿ ರೋಮಗಳು. ಈ ಜೊತೆಯ ಮೇಲೆ ಬಹಳ ನಿಂತಿದೆ. ಅವು ಚಾಟಿಯಂತೆ ತೆಳ್ಳಗೆ, ಉದ್ದವಾಗಿದ್ದರೆ ಲೆಪ್ಟೊಟ್ರಾಂಬಿಡಿಯಮ್ ಸೇರುವ ಬಳಗ. ತುದಿ ಊದಿ ಗದೆಯಂತೆ ಅಥವಾ ಗುಂಡಾಗಿದ್ದರೆ ಶೋನ್‌ಗಾಸ್ಟಿಯಾದ ಬಳಗ. 1915ರಲ್ಲಿ ಹರ್ಸ್ಟ್ ವಿವರಿಸಿದ, ಇಲಿಯ ಗೂಡಿನಲ್ಲೇ ಬೆಳೆಯುವ ಆಸ್ಕೋಶೋನ್‌ಗಾಸ್ಟಿಯಾ ಇಂಡಿಕಾ ಈ ಎರಡನೆಯ ಬಳಗಕ್ಕೆ ಸೇರುತ್ತದೆ. ಸಂವೇದಿ ರೋಮ ಬಹಳ ಸುಲಭವಾಗಿ ಉದುರುತ್ತದೆ. ಉದುರಿದ ಮಾದರಿಯಲ್ಲಿ ಖಾಲಿ ಕುಳಿ ಮಾತ್ರ ಕಾಣುತ್ತದೆ, ಆಗ ಊಹೆ ಮಾಡಬಾರದು.

ಆಮೇಲೆ ಕಾಲಿನ ಗಿಣ್ಣುಗಳ ಎಣಿಕೆ. ಮೂರು ಜೊತೆ ಕಾಲಿನಲ್ಲೂ ಏಳೇಳು ಖಂಡಗಳಿದ್ದರೆ 7.7.7 ಎಂದು ಬರೆಯುತ್ತಾರೆ. ತೊಡೆಯ ಎರಡು ಖಂಡಗಳು ಕೂಡಿಕೊಂಡಿದ್ದರೆ ಎಣಿಕೆ ಆರಕ್ಕೆ ಇಳಿಯುತ್ತದೆ. ಗಾರ್ಲೀಪಿಯಾ ಮತ್ತು ವಾಲ್ಕಿಯಾ ಕುಲಗಳಲ್ಲಿ ಅದು 7.6.6. ಇವುಗಳ ಸ್ಕ್ಯೂಟಮ್‌ನಲ್ಲಿ ಮುಂದಿನ ನಡುಗೂದಲೂ ಇರುವುದಿಲ್ಲ, ಗಾರ್ಲೀಪಿಯಾದ ಫಲಕವಂತೂ ಹಿಂದಕ್ಕೆ ನಾಲಿಗೆಯಂತೆ ಚಾಚಿಕೊಂಡಿರುತ್ತದೆ. ಹೊಸಬರು ಈ ಎರಡು ಗುರುತುಗಳನ್ನು ಬೇಗ ಕಲಿಯುತ್ತಾರೆ.

ಕುಲದಿಂದ ಪ್ರಭೇದಕ್ಕೆ ಇಳಿಯುವುದೇ ಕಷ್ಟದ ಘಟ್ಟ. ಬೆನ್ನಿನ ಕೂದಲುಗಳನ್ನು ಸಾಲುಸಾಲಾಗಿ ಎಣಿಸಿ 2.8.6.6.4.2 ಎಂಬಂತೆ ಬರೆಯಬೇಕು. ಪಾಲ್ಪ್ ಎಂಬ ಬಾಯಿಗಾಲಿನ ಪ್ರತಿ ಕೂದಲೂ ಬೋಳೋ ಕವಲೊಡೆದದ್ದೋ ಎಂದು ಎಣ್ಣೆಯ ಮಸೂರದಲ್ಲಿ ಸಾವಿರ ಪಟ್ಟು ಹಿಗ್ಗಿಸಿ ನೋಡಿ, ಬೋಳಾದರೆ ಎನ್, ಕವಲಾದರೆ ಬಿ ಎಂದು ಗುರುತುಹಾಕಬೇಕು. ಸ್ಕ್ಯೂಟಮ್‌ನ ಕೂದಲಿನ ಬುಡದಿಂದ ಬುಡಕ್ಕೆ ಅಂತರ ಅಳೆಯಬೇಕು. ಅಳತೆ ಶುರುಮಾಡುವ ಮೊದಲು ಕಣ್ಣುಗಾಜಿನ ಅಳತೆಪಟ್ಟಿಯನ್ನು ಪ್ರತಿ ಮಸೂರಕ್ಕೂ ಬೇರೆಬೇರೆಯಾಗಿ ಸರಿಹೊಂದಿಸಿರಬೇಕು. ಒಂದೇ ತಾಯಿಯ ಮರಿಗಳಲ್ಲೂ ಒಂದೆರಡು ಕೂದಲು ಹೆಚ್ಚುಕಡಿಮೆ ಆಗುತ್ತದೆ, ಕೆಲವೊಮ್ಮೆ ಎಡಕ್ಕೆ ನಾಲ್ಕಿದ್ದರೆ ಬಲಕ್ಕೆ ಮೂರಿರುತ್ತದೆ. ಆದ್ದರಿಂದ ಒಂದು ಮಾದರಿ ನೋಡಿ ಹೆಸರಿಡುವವರನ್ನು ನಾನು ನಂಬುವುದಿಲ್ಲ, ಹತ್ತನ್ನಾದರೂ ಅಳೆದು ವ್ಯತ್ಯಾಸದ ಮಿತಿ ತಿಳಿಯಬೇಕು.

ನಮ್ಮ ದೇಶದಲ್ಲಿ ಸ್ಕ್ರಬ್ ಟೈಫಸ್‌ನ ಮುಖ್ಯ ವಾಹಕವೆಂದು ಹೆಸರಾದದ್ದು ಲೆಪ್ಟೊಟ್ರಾಂಬಿಡಿಯಮ್ ಡೆಲಿಯೆನ್ಸ್. ಹೆಸರು ಕೇಳಿ ಅದು ದೆಹಲಿಯದ್ದೆಂದು ವಿದ್ಯಾರ್ಥಿಗಳು ತಿಳಿಯುತ್ತಾರೆ. 1922ರಲ್ಲಿ ವಾಲ್ಕ್ ಎಂಬ ವಿಜ್ಞಾನಿ ಅದನ್ನು ವಿವರಿಸಿದ್ದು ಸುಮಾತ್ರಾ ದ್ವೀಪದ ಡೆಲಿ ಎಂಬ ಸೀಮೆಯಿಂದ. ವಾಲ್ಕಿಯಾ ಕುಲಕ್ಕೂ ಆತನದೇ ಹೆಸರು. ರೋಗಕ್ಕೆ ಹೆಸರಾದ ಪ್ರಭೇದ ಎಂಬ ಕಾರಣಕ್ಕೇ, ಆಯತದ ಸ್ಕ್ಯೂಟಮ್ ಕಂಡ ಕೂಡಲೇ ಡೆಲಿಯೆನ್ಸ್ ಎಂದು ಬರೆದುಬಿಡುವ ಆಸೆ ಬಲವಾಗಿರುತ್ತದೆ. ಆ ಕುಲದಲ್ಲಿ ನೂರಾರು ಪ್ರಭೇದಗಳಿವೆ, ಅವುಗಳಲ್ಲಿ ಹೆಚ್ಚಿನವು ಮನುಷ್ಯನಿಗೆ ರೋಗ ದಾಟಿಸುವುದು ಕಂಡುಬಂದಿಲ್ಲ. ತಪ್ಪು ಹೆಸರೊಂದು ಪಟ್ಟಿಗೆ ಸೇರಿದರೆ, ಮುಂದೆ ಯಾರೋ ಆ ಪಟ್ಟಿಯನ್ನೇ ನಂಬಿ ಒಂದು ಊರಿಗೆ ರೋಗದ ಭಯ ಬರೆಯುತ್ತಾರೆ, ಅಥವಾ ನಿಜವಾದ ಭಯವಿರುವ ಊರನ್ನು ಬಿಟ್ಟುಬಿಡುತ್ತಾರೆ.

ಇನ್ನೊಂದು ತೊಡಕೂ ಇದೆ. ಹಾಯರ್ ದ್ರಾವಣಕ್ಕೆ ಹೋದ ನುಸಿಯಿಂದ ಡಿಎನ್ಎ ತೆಗೆಯುವುದು ಬಹುತೇಕ ಸಾಧ್ಯವಿಲ್ಲ, ಆದ್ದರಿಂದ ಹೆಸರು ತಿಳಿದ ನುಸಿಯಲ್ಲಿ ಬ್ಯಾಕ್ಟೀರಿಯಾ ಇತ್ತೇ ಎಂದು ಅದೇ ನುಸಿಯಲ್ಲಿ ನೋಡಲಾಗುತ್ತಿರಲಿಲ್ಲ. ಚಿಗ್ಗರ್‌ಗಳು ತಾವಾಗಿಯೇ ಪ್ರತಿದೀಪ್ತಿ ತೋರುವುದರಿಂದ, ಅಂದರೆ ತಕ್ಕ ಬೆಳಕು ಬಿದ್ದಾಗ ಬಣ್ಣ ಹಚ್ಚದೆಯೇ ಹೊಳೆಯುವುದರಿಂದ, ಈಚೆಗೆ ಅವನ್ನು ಪಾರದರ್ಶಕ ಮಾಡದೆಯೇ ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಸ್ಕ್ಯೂಟಮ್ ನೋಡಿ, ಆಮೇಲೆ ಅದೇ ಮಾದರಿಯಿಂದ ಡಿಎನ್ಎ ತೆಗೆಯುವ ವಿಧಾನ ಬಂದಿದೆ. ನಮ್ಮಂಥ ತಾಲ್ಲೂಕು ಕಾಲೇಜಿಗೆ ಆ ಉಪಕರಣ ಸದ್ಯಕ್ಕೆ ದೂರ. ನಾವು ಪ್ರತಿ ಕಿವಿಯ ನುಸಿಗಳಲ್ಲಿ ಒಂದು ಪಾಲನ್ನು ಸ್ಲೈಡಿಗೆ ಹಾಕಿ, ಇನ್ನೊಂದು ಪಾಲನ್ನು ಶುದ್ಧ ಎಥನಾಲ್‌ನಲ್ಲಿ ತಣ್ಣಗೆ ಕಾಯ್ದಿಡುತ್ತಿದ್ದೇವೆ.

ಸಿಂಧನೂರಿನ ಆ ಹೆಗ್ಗಣದ ಕಿವಿಯಿಂದ ಬಂದ ಸ್ಲೈಡುಗಳು ಈಗ ನನ್ನ ಮೇಜಿನ ಮೇಲಿವೆ. ಫಲಕ ಆಯತ, ಕಾಲು 7.7.7, ಸಂವೇದಿ ರೋಮ ಚಾಟಿಯಂಥದ್ದು. ಆದರೆ ಅಳತೆಗೆ ಒದಗಿದವು ಆರೇ, ಉಳಿದವುಗಳಲ್ಲಿ ಪಾಲ್ಪ್ ಮಡಿಚಿಕೊಂಡಿದೆ. ಚೀಟಿಯ ಮೇಲೆ ಊರು, ತಾರೀಖು, ಚಿಕ್ಕ ಹೆಗ್ಗಣ, ಬಲಗಿವಿ ಎಂದು ಬರೆದು, ಕೆಳಗೆ ಲೆಪ್ಟೊಟ್ರಾಂಬಿಡಿಯಮ್ ಎಂದಷ್ಟೇ ಬರೆದಿದ್ದೇನೆ. ಪ್ರಭೇದದ ಜಾಗ ಖಾಲಿ ಇದೆ. ಗದ್ದೆಯ ಹಿರಿಯರಿಗೆ ಫೋನ್ ಮಾಡಿ, ಭತ್ತ ಕೊಯ್ಲಾದ ಮೇಲೆ ಅದೇ ಏರಿಯಲ್ಲಿ ಮತ್ತೆ ಬೋನು ಇಡಲು ಕೇಳಿದ್ದೇನೆ. "ಬರ್ರೀ ಸರ್, ಇಲಿಗೇನು ಬರ ಇಲ್ಲ" ಎಂದಿದ್ದಾರೆ.