ಲೈಟ್ ಹಾರ್ಸ್ ಸ್ಮಾರಕ ಸ್ಪರ್ಧೆಯ ಸಿದ್ಧತೆ: ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ದಾಖಲೆ

ಆಗಸ್ಟ್, ಎರಡನೆಯ ವಾರ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿರುವ ನಮ್ಮ ಊರಿನ ಪೋನಿ (ಚಿಕ್ಕ ತಳಿಯ ಕುದುರೆ) ಕ್ಲಬ್ಬು ಅಕ್ಟೋಬರ್ ಕೊನೆಯಲ್ಲಿ ನಡೆಸುವ ಲೈಟ್ ಹಾರ್ಸ್ ಸ್ಮಾರಕ ಸ್ಪರ್ಧೆಗೆ ಈ ಸಲ ಮಗಳ ಹೆಸರನ್ನೂ ಕೊಟ್ಟಿದ್ದೇವೆ. ಲೈಟ್ ಹಾರ್ಸ್ ಎಂದರೆ ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಆಸ್ಟ್ರೇಲಿಯಾದ ಕುದುರೆ ಸವಾರರ ಪಡೆ. 1917ರ ಅಕ್ಟೋಬರ್ 31ರಂದು ಪ್ಯಾಲೆಸ್ಟೈನಿನ ಬೀರ್‌ಶೆಬಾ ಊರನ್ನೂ ಅಲ್ಲಿನ ಬಾವಿಗಳನ್ನೂ ವಶಪಡಿಸಿಕೊಳ್ಳಲು 4ನೆಯ ಲೈಟ್ ಹಾರ್ಸ್ ಬ್ರಿಗೇಡಿನ ಸುಮಾರು 800 ರಾವುತರು ಹೊತ್ತು ಇಳಿಯುವ ವೇಳೆಗೆ ತುರ್ಕಿ ಕಂದಕಗಳ ಮೇಲೆ ಕುದುರೆ ನುಗ್ಗಿಸಿದರು. ಅವರ ಬಳಿ ಕತ್ತಿಗಳಿರಲಿಲ್ಲವಾದ್ದರಿಂದ ಬಂದೂಕಿನ ಬಯೊನೆಟ್ಟನ್ನೇ ಕೈಯಲ್ಲಿ ಹಿಡಿದಿದ್ದರು. ಆ ದಾಳಿಯಲ್ಲಿ 31 ಮಂದಿ ಮಡಿದರು. ಸ್ಪರ್ಧೆ ಏರ್ಪಾಡಾಗಿರುವುದು ಅದರ ನೆನಪಿಗೆ.

ಮಕ್ಕಳಿಗೆಲ್ಲ ಆ ನಾಗಾಲೋಟವೇ ಕಣ್ಣಿಗೆ ಕಟ್ಟಿದೆ. ಆದರೆ ಲೈಟ್ ಹಾರ್ಸ್‌ನವರು ಕುದುರೆಯ ಮೇಲೆ ಕುಳಿತೇ ಯುದ್ಧ ಮಾಡುವ ಅಶ್ವಸೈನ್ಯದವರಾಗಿರಲಿಲ್ಲ. ರಣರಂಗದವರೆಗೆ ಸವಾರಿ ಮಾಡಿಕೊಂಡು ಹೋಗಿ, ಇಳಿದು, ಕಾಲಾಳುಗಳಂತೆ ಬಂದೂಕಿನಿಂದ ಹೋರಾಡುವುದು ಅವರ ಕ್ರಮವಾಗಿತ್ತು. ನಾಲ್ವರದೊಂದು ಗುಂಪು, ಮೂವರು ಇಳಿದು ಗುಂಡು ಹಾರಿಸಲು ಮುಂದೆ ಹೋದರೆ ನಾಲ್ಕನೆಯವನು ಎಲ್ಲರ ಕುದುರೆಗಳನ್ನೂ ಹಿಡಿದು ಮರೆಗೆ ಕರೆದೊಯ್ದು ಕಾಯಬೇಕು. ಎಂದರೆ, ರೆಜಿಮೆಂಟು ಕಾದಾಟಕ್ಕೆ ಇಳಿದ ಕ್ಷಣದಲ್ಲೇ ಅದರ ಬಂದೂಕುಗಳ ಬಲದಲ್ಲಿ ನಾಲ್ಕರಲ್ಲಿ ಒಂದು ಪಾಲು ಕಡಿಮೆಯಾಗುತ್ತಿತ್ತು. ಕಿರಿಯರ ವಿಭಾಗದಲ್ಲಿ ಅತಿ ಹೆಚ್ಚು ಅಂಕಗಳಿರುವುದು ಈ ‘ಕುದುರೆ ಹಿಡಿಯುವ’ ಸುತ್ತಿಗೇ, ಮತ್ತು ಮಗಳ ಪಾಲಿಗೆ ಬಂದಿರುವುದೂ ಆ ನಾಲ್ಕನೆಯ ಸ್ಥಾನವೇ. ಅವಳಿಗೆ ಮೊದಲು ಬೇಸರವಾಯಿತು. ಇಡೀ ಸ್ಪರ್ಧೆಯಲ್ಲಿ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲವೆಂಬುದು ನನ್ನ ಅಭಿಪ್ರಾಯ.

ಆಗಸ್ಟ್ ಕೊನೆ

ಸಾಮಗ್ರಿಯ ಕೆಲಸ ಶುರುವಾಗಿದೆ. ಆಗಿನ ಸೈನಿಕರು ಎದೆಗೆ ಅಡ್ಡಲಾಗಿ ಧರಿಸುತ್ತಿದ್ದ ಚರ್ಮದ ಗುಂಡಿನ ಪಟ್ಟಿಯಲ್ಲಿ ಒಂಬತ್ತು ಜೇಬುಗಳಿದ್ದು, ಒಂದೊಂದರಲ್ಲಿ ಹತ್ತರಂತೆ 90 ಗುಂಡುಗಳು ಹಿಡಿಯುತ್ತಿದ್ದವು. ನಾವು ಹಳೆಯ ಸೋಫಾದ ರೆಕ್ಸಿನ್ ಬಿಚ್ಚಿ ನಾಲ್ಕು ಪಟ್ಟಿಗಳನ್ನು ಹೊಲಿದೆವು. ಜೇಬುಗಳ ಆಕಾರ ಕುಸಿಯದಂತೆ ಒಳಗೆ ರಟ್ಟನ್ನು ಸುತ್ತಿ ತುಂಬಿಸಿದ್ದೇವೆ. ಮನೆಯ ಹೊಲಿಗೆ ಯಂತ್ರದ ಸೂಜಿ ರೆಕ್ಸಿನ್ನಿನ ಎರಡು ಪದರ ದಾಟುವುದಿಲ್ಲವಾದ್ದರಿಂದ ಮುಚ್ಚಳಗಳನ್ನೆಲ್ಲ ದಬ್ಬಳದಿಂದ ಕೈಯಲ್ಲೇ ಹೊಲಿಯಬೇಕಾಯಿತು. ಎಮು ಗರಿ ಸಿಕ್ಕಿಸಿದ ಅಗಲ ಅಂಚಿನ ಟೋಪಿಯನ್ನು ನೆಲದ ಮೇಲೆ ನಿಂತಾಗ ಮಾತ್ರ ಹಾಕಿಕೊಳ್ಳಬಹುದು. ಜೀನಿನ ಮೇಲೆ ಕುಳಿತರೆ ಹೆಲ್ಮೆಟ್ ಕಡ್ಡಾಯ, ಅದಕ್ಕೆ ಗರಿ ಅಂಟಿಸಲು ಕ್ಲಬ್ಬಿನ ಅನುಮತಿಯಿಲ್ಲ. ಛಾಯಾಚಿತ್ರ ಚೆನ್ನಾಗಿ ಬರುವುದಿಲ್ಲವೆಂದು ಗೊಣಗಿದ ಪೋಷಕರೂ ಇದ್ದಾರೆ. ನಿಯಮ ಸರಿಯಾಗಿಯೇ ಇದೆ.

ನಿಜವಾಗಿ ತಲೆ ಕೆಡಿಸಿದ್ದು ಒಂದು ಪೋನಿಯನ್ನು ಇನ್ನೊಂದಕ್ಕೆ ಸೇರಿಸುವ ಜೋಡುಪಟ್ಟಿ. ಗಟ್ಟಿಯಾಗಿ ಕಟ್ಟಿದರೆ, ಒಂದು ಬೆದರಿ ಹಿಂದಕ್ಕೆ ಜಗ್ಗಿದಾಗ ಎಲ್ಲವೂ ಒಂದರ ಮೇಲೊಂದು ಬೀಳುವ ಅಪಾಯವಿದೆ. ಆದ್ದರಿಂದ ಪಟ್ಟಿಯ ತುದಿಯನ್ನು ನೇರವಾಗಿ ಬಳೆಗೆ ಸಿಕ್ಕಿಸದೆ, ನಡುವೆ ಒಂದು ದಾರದ ಕುಣಿಕೆ ಇಡುತ್ತೇವೆ. ಹುಲ್ಲಿನ ಬೇಲ್ ಕಟ್ಟಿ ಬರುವ ಪ್ಲಾಸ್ಟಿಕ್ ದಾರ ಹಾಗೇ ಇದ್ದರೆ ಸುಲಭಕ್ಕೆ ಹರಿಯುವುದಿಲ್ಲ. ಅದರ ಎಳೆಗಳನ್ನು ಬಿಡಿಸಿ ಮೂರನೆಯ ಒಂದು ಭಾಗದಷ್ಟನ್ನು ಮಾತ್ರ ಬಳಸಿದರೆ, ಸಾಮಾನ್ಯ ಎಳೆತವನ್ನು ತಾಳಿಕೊಂಡು ಗಾಬರಿಯ ಎಳೆತಕ್ಕೆ ಫಟ್ಟನೆ ತುಂಡಾಗುತ್ತದೆ. ಬೇಲಿಯ ಕಂಬಕ್ಕೆ ಕಟ್ಟಿ ನಾನೇ ಜಗ್ಗಿ ನೋಡಿ ಈ ಅಳತೆ ಗೊತ್ತುಮಾಡಿಕೊಂಡೆ.

ಸೆಪ್ಟೆಂಬರ್, ಮೊದಲ ಪಾಕ್ಷಿಕ

ನಾಲ್ಕು ಪೋನಿಗಳನ್ನು ಯಾವ ಕ್ರಮದಲ್ಲಿ ನಿಲ್ಲಿಸಬೇಕೆಂಬುದು ಈ ಎರಡು ವಾರಗಳ ಕೆಲಸ. ಮಗಳ ಬಿಸ್ಕೆಟ್ ಎಂಬ ಕಂದು ಗಂಡುಪೋನಿ ಶಾಂತ ಸ್ವಭಾವದ್ದು, ಆದರೆ ಹುಲ್ಲು ಕಂಡರೆ ಕತ್ತು ಮೇಲೆತ್ತುವುದಿಲ್ಲ. ಉಳಿದವುಗಳಲ್ಲಿ ಒಂದು ಹೆಣ್ಣುಪೋನಿ ಒದೆಯುತ್ತದೆ. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್ ಕಟ್ಟುವ ಪದ್ಧತಿ ಇಲ್ಲಿದೆ, ಅದನ್ನು ಕಂಡ ಎಲ್ಲರೂ ಹಿಂದಿನಿಂದ ದೂರ ಸರಿಯುತ್ತಾರೆ. ಅದನ್ನು ಬಲಗಡೆಯ ತೀರಾ ಹೊರತುದಿಗೆ ಹಾಕಿ, ಅದಕ್ಕೂ ಬಿಸ್ಕೆಟ್‌ಗೂ ನಡುವೆ ವಯಸ್ಸಾದ ಬಿಳಿ ಪೋನಿಯನ್ನು ನಿಲ್ಲಿಸಿ, ಕಚ್ಚುವ ಅಭ್ಯಾಸವಿರುವ ನಾಲ್ಕನೆಯದನ್ನು ಒಂಟಿಯಾಗಿ ಎಡಗಡೆಗೆ ಕೊಟ್ಟೆವು. ಮಗಳು ಬಿಸ್ಕೆಟ್ ಮೇಲೆಯೇ ಕುಳಿತು, ತನ್ನ ಲಗಾಮನ್ನು ಒಂದೇ ಕೈಯಲ್ಲಿ ಹಿಡಿದು ಮೂರನ್ನೂ ನಡೆಸಿಕೊಂಡು ಹೋಗಬೇಕು. ತಿರುವಿನಲ್ಲಿ ಹೊರಗಿನ ಪೋನಿ ಬೇಗ ನಡೆಯಬೇಕು, ಒಳಗಿನದು ನಿಂತಲ್ಲೇ ಹೆಜ್ಜೆ ಹಾಕಬೇಕು. ಮೊದಮೊದಲು ಸಾಲು ಬೀಸಣಿಗೆಯಂತೆ ಬಿಚ್ಚಿಕೊಂಡು ದಾರಗಳು ಹರಿಯುತ್ತಿದ್ದವು. ಅವಳು ದನಿಯಿಂದ ಕೆಲಸ ತೆಗೆಯಲು ಕಲಿತ ಮೇಲೆ ಹತೋಟಿಗೆ ಬಂತು. ಬಿಸ್ಕೆಟ್‌ಗೆ ಅವಳು ಕನ್ನಡದಲ್ಲಿ ‘ನಿಲ್ಲು ಪುಟ್ಟ’ ಎಂದರೆ ಉಳಿದ ಮೂರೂ ನಿಲ್ಲುತ್ತವೆ, ಆದರೆ ಅವುಗಳ ಒಡತಿಯರು ಇಂಗ್ಲಿಷಿನಲ್ಲಿ ಹೇಳಿದರೆ ನಿಲ್ಲುವುದಿಲ್ಲ ಎಂಬುದು ಕ್ಲಬ್ಬಿನಲ್ಲೀಗ ತಮಾಷೆಯ ವಿಷಯ.

ಮ್ಯಾಗ್‌ಪೈ ಹಕ್ಕಿಗಳು ಗೂಡು ಕಟ್ಟಿ ಸವಾರರ ತಲೆಗೇ ಎರಗುತ್ತಿರುವುದರಿಂದ ಮೈದಾನದ ಪಶ್ಚಿಮದ ಅಂಚನ್ನು ಬಿಟ್ಟಿದ್ದೇವೆ.

ಸೆಪ್ಟೆಂಬರ್ 23

ಈ ದಿನಾಂಕವನ್ನು ಬೇಕೆಂದೇ ಬರೆಯುತ್ತಿದ್ದೇನೆ. 1918ರ ಇದೇ ದಿನ ಮೈಸೂರು ಲ್ಯಾನ್ಸರ್ಸ್ ಮತ್ತು ಜೋಧಪುರ ಲ್ಯಾನ್ಸರ್ಸ್ ಎಂಬ ಭಾರತದ ಭರ್ಜಿ ಸವಾರರ ಪಡೆಗಳು ಪ್ಯಾಲೆಸ್ಟೈನಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವು. ಕಾರ್ಮೆಲ್ ಬೆಟ್ಟದ ಇಳಿಜಾರಿನಲ್ಲಿದ್ದ ಮೆಷಿನ್‌ಗನ್ ಮತ್ತು ಫಿರಂಗಿಗಳ ಮೇಲೆ ಮೈಸೂರಿನವರು ಏರಿಹೋದರು, ಬೆಟ್ಟದ ಬುಡದ ದಾರಿಯಲ್ಲಿ ಜೋಧಪುರದವರು ಊರಿನೊಳಗೆ ನುಗ್ಗಿದರು. 1,350 ಮಂದಿ ಸೆರೆ ಸಿಕ್ಕರು. ಇಲ್ಲಿನವರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಹೊತ್ತಿಗೆ ಲೈಟ್ ಹಾರ್ಸ್ ಮತ್ತು ಮೈಸೂರು ಲ್ಯಾನ್ಸರ್ಸ್ ಎರಡೂ ಆಸ್ಟ್ರೇಲಿಯಾದ ಜನರಲ್ ಹ್ಯಾರಿ ಶೊವೆಲ್ ಅವರ ಡೆಸರ್ಟ್ ಮೌಂಟೆಡ್ ಕೋರ್ ಎಂಬ ದೊಡ್ಡ ಸವಾರ ಸೇನೆಯಲ್ಲಿದ್ದವು. ಬೀರ್‌ಶೆಬಾದ ದಾಳಿ ನಡೆದದ್ದೂ ಅವರ ನೇತೃತ್ವದಲ್ಲೇ. ಕ್ಲಬ್ಬಿನ ತರಬೇತುದಾರರಿಗೆ ಇದನ್ನು ತಿಳಿಸಿದಾಗ ಅವರು ಸ್ಪರ್ಧೆಯ ದಿನ ಓದುವ ಪರಿಚಯದಲ್ಲಿ ಹೈಫಾಕ್ಕೂ ಎರಡು ಸಾಲು ಕೊಡಲು ಒಪ್ಪಿದರು, ಮತ್ತು ಓಡುವ ಕುದುರೆಯ ಮೇಲಿಂದ ನೆಲದ ಗೂಟವನ್ನು ಚುಚ್ಚಿ ಎತ್ತುವ ಟೆಂಟ್ ಪೆಗ್ಗಿಂಗ್ ಆಟಕ್ಕೆ ಮಗಳು ಮರದ ಕತ್ತಿಯ ಬದಲು ಭರ್ಜಿ ಹಿಡಿಯಬಹುದೆಂದರು.

ಭಾರತದ ಸವಾರರ ಭರ್ಜಿ ಬಿದಿರಿನದು, ಸುಮಾರು 9 ಅಡಿ ಉದ್ದದ್ದು. ಹನ್ನೆರಡು ವರ್ಷದ ಹುಡುಗಿಗೆ ಅದು ಹೆಚ್ಚಾಗುತ್ತದೆಂದು ಅವಳ ಎತ್ತರಕ್ಕೆ ತಕ್ಕಂತೆ ಬಿದಿರನ್ನು ಕತ್ತರಿಸಿ, ತುದಿಗೆ ರಬ್ಬರ್ ಮುಚ್ಚಿದ ಮೊಳೆ ಕೂರಿಸಿದ್ದೇವೆ. ನೆಲಕ್ಕೆ ಊರುವ ಗೂಟ ಥರ್ಮಾಕೋಲಿನದು. ಮೈಸೂರಿನಲ್ಲಿ ಬೆಳೆದವರಿಗೆ ಈ ಆಟ ಹೊಸದಲ್ಲ. ದಸರೆಯ ಪಂಜಿನ ಕವಾಯತಿನಲ್ಲಿ ಬನ್ನಿಮಂಟಪದ ಮೈದಾನದಲ್ಲಿ ಅಶ್ವಾರೋಹಿ ಪೊಲೀಸರು ಗೂಟ ಎತ್ತುವುದನ್ನು ನೋಡಿರುತ್ತಾರೆ. ಮೈಸೂರಿನಿಂದ ಅವಳ ಅಜ್ಜ ಫೋನಿನಲ್ಲಿ ‘ಗೂಟಕ್ಕೆ ಚುಚ್ಚಬೇಡ ಮಗಳೇ, ಕುದುರೆಯೇ ಚುಚ್ಚುತ್ತೆ, ನೀನು ದಾರಿ ತೋರಿಸು ಸಾಕು’ ಎಂದರು. ತರಬೇತುದಾರರು ಹೇಳುವುದೂ ಅದನ್ನೇ: ತೋಳನ್ನು ಬಿಗಿ ಹಿಡಿಯದೆ ತುದಿಯನ್ನು ಮುಂಚಿತವಾಗಿಯೇ ತಗ್ಗಿಸಿ, ಗೂಟ ಸಿಕ್ಕ ಮೇಲೆ ಕೈಯನ್ನು ಹಿಂದಕ್ಕೆ ಹರಿಯಬಿಡಬೇಕು, ಇಲ್ಲದಿದ್ದರೆ ಭುಜ ಉಳುಕುತ್ತದೆ.

ಅಕ್ಟೋಬರ್, ಮಧ್ಯ

ಬಿಸ್ಕೆಟ್ ಭರ್ಜಿಗೆ ಹೆದರಲಿಲ್ಲ, ಅದರ ನೆರಳಿಗೆ ಹೆದರಿತು. ಬೆಳಗಿನ ಬಿಸಿಲಿನಲ್ಲಿ ಬಲಗಡೆಯ ನೆಲದ ಮೇಲೆ ಉದ್ದನೆಯ ಗೆರೆಯೊಂದು ತನ್ನ ಜೊತೆಗೇ ಓಡಿಬರುವುದನ್ನು ಕಂಡು ಪಕ್ಕಕ್ಕೆ ಜಿಗಿಯುತ್ತಿತ್ತು. ಭರ್ಜಿಯನ್ನು ಲಾಯದ ಬಾಗಿಲಿಗೆ ಒರಗಿಸಿಟ್ಟು, ಮೇವಿನ ಬಕೆಟ್ಟನ್ನು ಅದರ ಕೆಳಗೇ ಇಟ್ಟು, ನಂತರ ಅದನ್ನು ಹಿಡಿದುಕೊಂಡು ಜೊತೆಯಲ್ಲಿ ನಡೆದು, ಕೊನೆಗೆ ಮಗಳ ಕೈಗೆ ಕೊಟ್ಟೆವು. ಕುಕ್ಕುಲೋಟದಲ್ಲಿ ಗೂಟ ಸಿಗುತ್ತಿದೆ, ಅದಕ್ಕಿಂತ ವೇಗದ ಕ್ಯಾಂಟರ್ ಓಟದಲ್ಲಿ ಇನ್ನೂ ತಪ್ಪುತ್ತಿದೆ.

ಆಯುಧಪೂಜೆಯ ದಿನ ಜೀನು, ಲಗಾಮು, ರಿಕಾಪುಗಳನ್ನೆಲ್ಲ ಎಣ್ಣೆ ಹಚ್ಚಿ ಒರೆಸಿ ಕುಂಕುಮ ಇಟ್ಟೆವು. ಅಂದೇ ಗಮನಕ್ಕೆ ಬಂದದ್ದು, ಎಡ ರಿಕಾಪಿನ ಪಟ್ಟಿಯ ಹೊಲಿಗೆ ಎರಡು ಕಡೆ ಬಿಟ್ಟಿದೆ ಎಂದು. ಸ್ಪರ್ಧೆಯ ದಿನದ ಸಾಮಗ್ರಿ ತಪಾಸಣೆಯಲ್ಲಿ ಅದು ಖಂಡಿತ ಸಿಕ್ಕಿಬೀಳುತ್ತಿತ್ತು. ಹೊಸ ಪಟ್ಟಿ ತರಿಸಿದೆವು.

ಅಕ್ಟೋಬರ್ ಕೊನೆ, ಸ್ಪರ್ಧೆಯ ಮರುದಿನ

ಮೆರವಣಿಗೆಯ ಮುಂದೆ ಸವಾರನಿಲ್ಲದ ಕುದುರೆಯೊಂದನ್ನು, ರಿಕಾಪುಗಳಲ್ಲಿ ಬೂಟುಗಳನ್ನು ಹಿಂದುಮುಂದಾಗಿ ಸಿಕ್ಕಿಸಿ, ನಡೆಸಿಕೊಂಡು ಬಂದರು. ಆ ಯುದ್ಧಕ್ಕೆಂದು ಆಸ್ಟ್ರೇಲಿಯಾದಿಂದ 1,30,000ಕ್ಕೂ ಹೆಚ್ಚು ಕುದುರೆಗಳು ಹಡಗೇರಿದ್ದವು. ಮರಳಿ ಬಂದದ್ದು ಆಸ್ಟ್ರೇಲಿಯಾದ ಸೇನಾಧಿಕಾರಿ ಜನರಲ್ ಬ್ರಿಡ್ಜಸ್ ಅವರ ಕುದುರೆ ಸ್ಯಾಂಡಿ ಒಂದೇ. ರೋಗ ಹರಡೀತೆಂಬ ಭಯದಿಂದ ಮತ್ತು ಹಡಗಿನ ಖರ್ಚಿನಿಂದ ಉಳಿದವನ್ನು ತರಲಿಲ್ಲ: ಎಷ್ಟೋ ಕುದುರೆಗಳು ಭಾರತದ ಸೈನ್ಯಕ್ಕೆ ಹೋದವು, ಮುದಿಯಾದವನ್ನು ಗುಂಡಿಟ್ಟು ಕೊಂದರು. ಹೈಫಾದ ಎರಡು ಸಾಲನ್ನೂ ಓದಿದರು. ‘ಮೈಸೂರು’ ಉಚ್ಚಾರಣೆ ಸರಿಯಾಗಿಯೇ ಬಂತು.

ಕುದುರೆ ಹಿಡಿಯುವ ಸುತ್ತಿನಲ್ಲಿ ನಮ್ಮ ಗುಂಪಿಗೆ ಎರಡನೆಯ ಸ್ಥಾನ. ಮೂವರು ಇಳಿದು ಓಡಿದ ಮೇಲೆ ಮಗಳು ನಾಲ್ಕೂ ಪೋನಿಗಳನ್ನು ತಿರುಗಿಸಿ ಹುಲ್ಲಿನ ಬೇಲ್‌ಗಳ ಮರೆಗೆ ಕರೆದೊಯ್ದಳು. ದಾರ ಒಂದೂ ಹರಿಯಲಿಲ್ಲ. ಅಂಕ ಹೋದದ್ದು ಮರೆಯಲ್ಲಿ ನಿಂತ ಬಿಸ್ಕೆಟ್ ಆ ಬೇಲ್‌ಗಳನ್ನೇ ತಿನ್ನತೊಡಗಿದ್ದಕ್ಕೆ. ಟೆಂಟ್ ಪೆಗ್ಗಿಂಗ್‌ನಲ್ಲಿ ಗೂಟವನ್ನು ಎತ್ತಿ ಒಯ್ದರೆ 6, ಕಿತ್ತು ಬೀಳಿಸಿದರೆ 4, ಬರೀ ತಾಗಿಸಿದರೆ 2 ಅಂಕ. ಅವಳಿಗೆ ಒಂದು 6, ಒಂದು 2, ಒಂದು ಸೊನ್ನೆ. ಥರ್ಮಾಕೋಲಿನ ಗೂಟ ಗಾಳಿಗೆ ವಾಲುತ್ತಿದ್ದುದರಿಂದ ಮುಂದಿನ ವರ್ಷಕ್ಕೆ ದಪ್ಪ ರಟ್ಟಿನವನ್ನು ಮಾಡಿ ಕೊಡಲು ಒಪ್ಪಿಕೊಂಡಿದ್ದೇನೆ, ಮತ್ತು ಇನ್ನಿಬ್ಬರು ಮಕ್ಕಳು ತಮಗೂ ಬಿದಿರಿನ ಭರ್ಜಿ ಬೇಕೆಂದು ಎತ್ತರ ಅಳೆಸಿಕೊಂಡು ಹೋಗಿದ್ದಾರೆ.