ಗ್ಯೋಜಾ ಪಟ್ಟಿಯಲ್ಲಿ ನಂಬರ್ ಒನ್ ಯಾರು?

ಗ್ಯೋಜಾ ಅಂದರೆ ಮಾಂಸ, ಎಲೆಕೋಸಿನ ಹೂರಣ ತುಂಬಿದ ಜಪಾನಿನ ಕಡುಬು. ಅದಕ್ಕೆ ಅತಿ ಹೆಚ್ಚು ಖರ್ಚು ಮಾಡುವ ಊರು ಯಾವುದೆಂದು ಉತ್ಸುನೊಮಿಯಾ, ಹಮಾಮತ್ಸು ನಡುವೆ ವರ್ಷವರ್ಷವೂ ಜಿದ್ದಾಜಿದ್ದಿ. 2021ರಲ್ಲಿ ಮಿಯಾಝಾಕಿ ಇಬ್ಬರನ್ನೂ ಹಿಂದಿಕ್ಕಿತು. 2007ಕ್ಕೆ ಮೊದಲು ಹಮಾಮತ್ಸು ಈ ಪಟ್ಟಿಯಲ್ಲೇ ಇರಲಿಲ್ಲ. ಸರ್ಕಾರ ಅದನ್ನು ವಿಶೇಷ ಮಹಾನಗರವೆಂದು ಘೋಷಿಸಿದ ಮೇಲಷ್ಟೇ ಸೇರಿತು.

ಅಂಕಿಅಂಶ ಬರುವುದು ಸರ್ಕಾರದ ಕುಟುಂಬ ವೆಚ್ಚ ಸಮೀಕ್ಷೆಯಿಂದ. ಮನೆಯವರು ದಿನದಿನದ ಖರ್ಚನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬೇಕು. ಎಡವುವುದು ಇಲ್ಲೇ: ಅಂಗಡಿಯಿಂದ ತಂದ ಸಿದ್ಧ ಗ್ಯೋಜಾ ಮಾತ್ರ ಲೆಕ್ಕಕ್ಕೆ. ಫ್ರೋಜನ್ ಪ್ಯಾಕೆಟ್ಟು ಬೇರೆ ಕಾಲಮ್ಮಿಗೆ, ಹೋಟೆಲಿನಲ್ಲಿ ತಿಂದದ್ದು ಇನ್ನೊಂದಕ್ಕೆ. ಹೋಟೆಲುಗಳಿಗೇ ಹೆಸರಾದ ಉತ್ಸುನೊಮಿಯಾಕ್ಕೆ ಇದು ನಷ್ಟ.

ಬಹುತೇಕ ಊರುಗಳಲ್ಲಿ ಮಾದರಿಗೆ ಸಿಗುವುದು ಸುಮಾರು 100 ಮನೆ. ನಾಲ್ಕೈದು ಮನೆಯವರ ಆಸೆಬುರುಕತನ ಸಾಕು, ಸ್ಥಾನ ಪಲ್ಟಿ! ಹಾಗಾಗಿ 3 ವರ್ಷದ ಸರಾಸರಿಯನ್ನೇ ಹೋಲಿಸಿ.