ಗ್ರಾಫ್ ಹಾಳೆಯಲ್ಲಿ ವಾರೆನ್ ಸ್ಪಾನ್: 1963ರವರೆಗೆ ಬಂದಾಯಿತು

ವರ್ಷಕ್ಕೊಂದು ಸಾಲು, ಗೆದ್ದ ಪಂದ್ಯಕ್ಕೆ ಹಸಿರು ಚೌಕ, ಸೋತದ್ದಕ್ಕೆ ಕೆಂಪು. ಬೇಸ್‌ಬಾಲ್‌ನಲ್ಲಿ ಗೆಲುವು ಸೋಲು ತಂಡದ ಜೊತೆಗೆ ಪಿಚರ್‌ನ, ಅಂದರೆ ಚೆಂಡು ಎಸೆಯುವವನ, ಖಾತೆಗೂ ಬೀಳುತ್ತವೆ. ಹಾಗಾಗಿ ಅಮೆರಿಕದ ಪಿಚರ್ ವಾರೆನ್ ಸ್ಪಾನ್‌ನ 363 ಗೆಲುವು, 245 ಸೋಲು ಎಲ್ಲಕ್ಕೂ ಹಾಳೆಯ ಮೇಲೆ ಜಾಗ ಬೇಕು. ಎಡಗೈ ಪಿಚರ್‌ಗಳಲ್ಲಿ ಇಷ್ಟು ಗೆದ್ದವರು ಇಂದಿಗೂ ಬೇರೆ ಯಾರೂ ಇಲ್ಲ.

ಮೇಲಿನ ಸಾಲುಗಳಲ್ಲಿ ಬಣ್ಣಕ್ಕೆ ಕೆಲಸವೇ ಇರಲಿಲ್ಲ. 1942ರಲ್ಲಿ ಬಾಸ್ಟನ್ ಬ್ರೇವ್ಸ್ ಪರ ನಾಲ್ಕೇ ಪಂದ್ಯ, ಖಾತೆ ತೆರೆಯಲಿಲ್ಲ. ಮುಂದಿನ ಮೂರು ಸಾಲು ಪೂರ್ತಿ ಖಾಲಿ: ಆತ ಅಮೆರಿಕದ ಸೇನೆಯಲ್ಲಿದ್ದ, ಜರ್ಮನಿಯ ರೆಮಾಗೆನ್ ಸೇತುವೆಯ ಬಳಿ ಕಾಲಿಗೆ ಗಾಯವಾಯಿತು. ಮೊದಲ ಗೆಲುವು ಬಂದದ್ದು 1946ರಲ್ಲಿ, 25ನೇ ವಯಸ್ಸಿನಲ್ಲಿ.

ಯುದ್ಧ ಅಡ್ಡ ಬರದಿದ್ದರೆ 400 ದಾಟುತ್ತಿದ್ದ ಎನ್ನುವವರು ಬಹಳ. ನಕ್ಷೆ ತುಂಬುತ್ತಾ ಹೋದಂತೆ ನನಗೆ ಆ ವಾದದ ಮೇಲಿನ ನಂಬಿಕೆ ಸಡಿಲವಾಗಿದೆ. 35 ತುಂಬಿದ 1956ರಿಂದ ಮುಂದಕ್ಕೆ ಎಣಿಸಿದರೆ 180 ಗೆಲುವು, ಅಂದರೆ ಹೆಚ್ಚುಕಡಿಮೆ ಅರ್ಧ. ಬೇರೆ ಪಿಚರ್‌ಗಳು ಮನೆ ಸೇರುವ ವಯಸ್ಸಿನಲ್ಲಿ ಈತನ ಹಸಿರು ಸಾಲುಗಳು ಉದ್ದವಾಗುತ್ತಲೇ ಇವೆ. ಎಸೆತದ ವೇಗ ಕುಂದಿದಾಗ ಸ್ಕ್ರೂಬಾಲ್ ಎಂಬ ತಿರುವಿನ ಎಸೆತ ಕಲಿತ. ಬ್ಯಾಟರ್‌ನ ಲಯ ಕೆಡಿಸುವುದೇ ಪಿಚರ್‌ನ ಕೆಲಸ ಎಂಬುದು ಆತನ ಸಿದ್ಧಾಂತ. ಸೇನೆಯ ಆ ಬಿಡುವು ಇರದಿದ್ದರೆ 44ರವರೆಗೆ ಆಡಲು ಆಗುತ್ತಿತ್ತೋ ಇಲ್ಲವೋ ಎಂದು ಸ್ವತಃ ಸ್ಪಾನ್ ಹೇಳಿದ್ದುಂಟು. ನಾನಂತೂ ಆತನ ಪಕ್ಷ.

ಒಂದು ಸೋಜಿಗ: ಬ್ರೇವ್ಸ್ ತಂಡ ಮಿಲ್ವಾಕಿಗೆ ಬಂದ 1953ರ ಸಾಲೂ ಹತ್ತು ವರ್ಷದ ನಂತರದ 1963ರ ಸಾಲೂ ಅಳತೆ ತಪ್ಪದಂತೆ ಒಂದೇ. 23 ಹಸಿರು, 7 ಕೆಂಪು. ಎರಡನೆಯದರಲ್ಲಿ ಆತನಿಗೆ 42 ವರ್ಷ.

ಆ ಏಳು ಕೆಂಪು ಚೌಕಗಳಲ್ಲಿ ಒಂದಕ್ಕೆ ಪ್ರತ್ಯೇಕ ಹಾಳೆಯನ್ನೇ ಇಟ್ಟಿದ್ದೇನೆ. 1963ರ ಜುಲೈ 2, ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಂಡಲ್‌ಸ್ಟಿಕ್ ಪಾರ್ಕ್. ಎದುರಾಳಿ ಜೈಂಟ್ಸ್ ತಂಡದ ಪಿಚರ್ ಹ್ವಾನ್ ಮರಿಚಾಲ್, ವಯಸ್ಸು 25. ಸ್ಕೋರ್ ಹಾಳೆಯಲ್ಲಿ ಒಂಬತ್ತು ಇನ್ನಿಂಗ್ಸ್‌ಗಷ್ಟೇ ಮನೆಗಳಿದ್ದವು. ಒಂಬತ್ತು ಮುಗಿದರೂ ಆಟ ಸಮವಾಗಿದ್ದು ಮುಂದುವರಿದದ್ದರಿಂದ ಪಕ್ಕಕ್ಕೆ ಇನ್ನೊಂದು ಪಟ್ಟಿ ಅಂಟಿಸಬೇಕಾಯಿತು. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಜೈಂಟ್ಸ್‌ನ ವಿಲ್ಲಿ ಮೇಸ್ ಮೈದಾನದ ಹಿಂಬದಿಯ ನಡುಭಾಗವಾದ ಸೆಂಟರ್ ಫೀಲ್ಡ್‌ನಿಂದ ನೇರ ಹೋಮ್ ಪ್ಲೇಟಿಗೆ (ಓಟ ಮುಗಿಸುವ ಜಾಗ) ಎಸೆದು ಬ್ರೇವ್ಸ್‌ನ ಓಟಗಾರನನ್ನು ಔಟ್ ಮಾಡಿದ. ಸ್ಕೋರ್ ಬರೆಯುವಾಗ ಸೆಂಟರ್ ಫೀಲ್ಡರ್‌ನ ಸಂಖ್ಯೆ 8, ಹೋಮ್ ಪ್ಲೇಟಿನ ಹಿಂದೆ ಕೂರುವ ಕ್ಯಾಚರ್‌ನದು 2, ಆದ್ದರಿಂದ ಇಡೀ ಸಾಹಸ ಹಾಳೆಯಲ್ಲಿ ಬರಿಯ ‘8-2’. ಏಳರಲ್ಲಿ ಸ್ಪಾನ್ ತಾನೇ ಬ್ಯಾಟ್ ಬೀಸಿ ಎರಡನೇ ಬೇಸ್‌ವರೆಗೆ ಓಡಲು ಸಿಗುವ ಹೊಡೆತ, ಡಬಲ್, ಹೊಡೆದ. (ಜೀವಮಾನದ ಹಿಟ್‌ಗಳ ಲೆಕ್ಕವೂ 363! ಹೋಮ್ ರನ್, ಅಂದರೆ ಎಲ್ಲ ಬೇಸ್ ಸುತ್ತಿ ಓಟ ಗಳಿಸುವ ಹೊಡೆತ, 35.) ಆಮೇಲೆ ಸೊನ್ನೆ, ಮತ್ತೆ ಸೊನ್ನೆ. ಹದಿನಾರನೆಯದರಲ್ಲಿ ಅದೇ ಮೇಸ್‌ನ ಹೋಮ್ ರನ್, 1-0. 1951ರಲ್ಲಿ ಮೇಸ್‌ನ ಮೊಟ್ಟಮೊದಲ ಹಿಟ್ ಕೂಡ ಸ್ಪಾನ್‌ನ ಎಸೆತಕ್ಕೇ ಹೊಡೆದ ಹೋಮ್ ರನ್. ಎರಡೂ ಚೌಕಗಳಿಗೆ ಒಂದೇ ಗುರುತು ಹಾಕಿದ್ದೇನೆ.

ಉಳಿದಿರುವುದು ಕೊನೆಯ ಎರಡು ಸಾಲು: 1964ರಲ್ಲಿ 6 ಗೆಲುವು 13 ಸೋಲು, 1965ರಲ್ಲಿ 7 ಗೆಲುವು 16 ಸೋಲು. ಕೊನೆಯ ವರ್ಷ ನ್ಯೂಯಾರ್ಕ್ ಮೆಟ್ಸ್‌ನಿಂದ ಹೊರಬಿದ್ದು ಸೇರಿದ್ದು ಮೇಸ್, ಮರಿಚಾಲ್ ಇದ್ದ ಅದೇ ಜೈಂಟ್ಸ್ ತಂಡವನ್ನು, ಹಾಗಾಗಿ ಆ ಸಾಲನ್ನು ಎರಡು ತುಂಡು ಮಾಡಿ ಬರೆಯಬೇಕು. ಆಮೇಲೆ ಮೆಕ್ಸಿಕೋದಲ್ಲಿ ಎಸೆದ ಪಂದ್ಯಗಳು ಅಮೆರಿಕದ ಉನ್ನತ ದರ್ಜೆಯ ಮೇಜರ್ ಲೀಗ್ ಲೆಕ್ಕಕ್ಕೆ ಸೇರುವುದಿಲ್ಲವಾದ್ದರಿಂದ ಹಾಳೆಯ ಹಿಂಬದಿಗೆ ಹೋಗಲಿವೆ.